ಎಣ್ಣಿ ಬಾಟ್ಲಿಯ ಕೊಸರು

"ನನಗ ಮಗಳು ಹುಟ್ಟಿದ್ರ ಆಕಿ ಕೈಯಾಗ ಎಂದೂ ಎಣ್ಣಿ ಬಾಟ್ಲಿ ಕೊಡಂಗಿಲ್ಲ, ದೇವರಾಣಿ!" ಎಂದು ಅಂಬಿಕಾ ತನ್ನ ಅವ್ವ ಶಿವಕಾಂತಮ್ಮನಿಗೆ ಮಾತು ಕೊಟ್ಟಾಗ ಇನ್ನೂ ಎರಡು ಜಡೆಯ ಹುಡುಗಿ. ಕುತ್ತಿಗೆಗೆ ದಾರ ಕಟ್ಟಿದ ಬಾಟಲಿಯನ್ನು ಕೈಯಲ್ಲಿ ತೂಗಾಡಿಸುತ್ತ ಕಮಲಾಪುರದ ಓಣಿಯಲ್ಲಿ ಕಿರಾಣಿ ಅಂಗಡಿಗೆ ಹೊರಟರೆ ಸಾಕು, ಗೆಳತಿಯರು "ಎಣ್ಣಿ ಬಾಟ್ಲಿ ಬಂತು, ಸರೀರಿ!" ಎಂದು ಕೂಗುತ್ತಿದ್ದರು. ಶಿವಕಾಂತಮ್ಮ ರೊಟ್ಟಿ ಬಡಿಯುತ್ತಲೇ ನಕ್ಕಿದ್ದಳು: "ಮೊದಲ ಮಗಳು ಹುಟ್ಟಲಿ ಬಿಡವಾ."

ಮಗಳು ಹುಟ್ಟಿದಳು, ಕಲಬುರಗಿಯಲ್ಲಿ ಬೆಳೆದಳು. ಮನೆಗೆ ಎಣ್ಣೆ ಪ್ಯಾಕೆಟ್ಟಿನಲ್ಲೇ ಬಂತು. ಈಗ ಅದೇ ಮಗಳು ಐಶ್ವರ್ಯಾ, ಭಾನುವಾರ ಬೆಳಿಗ್ಗೆ, ತೊಳೆದು ಒಣಗಿಸಿದ ಗಾಜಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಸೇಡಂ ರೋಡಿನ ಹೊಸ ಅಂಗಡ್ಯಾಗ ಪ್ಯಾಕೆಟ್ಟೇ ಇಲ್ಲ ಮಮ್ಮಿ. ಬಾಟ್ಲಿ, ಡಬ್ಬಿ ನಾವೇ ಒಯ್ಯಬೇಕು. ನಮ್ಮ ಕ್ಲಾಸಿನವ್ರೆಲ್ಲ ಹೋಗಿ ಬಂದಾರ. ನಾನೂ ಹೋಗ್ಲಿ?"

"ಬಾಟ್ಲಿ ಇಲ್ಲಿ ಕೊಡು. ನಿನ್ನ ಕೈಯಾಗ ಬ್ಯಾಡ."

ಮಾತು ಮಾತೇ. ಅಂಬಿಕಾ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮಗಳನ್ನು ಹಿಂದೆ ಕರೆದುಕೊಂಡು, ಕಳ್ಳತನಕ್ಕೆ ಹೊರಟವಳಂತೆ ಗೋಡೆ ಬದಿ ಹಿಡಿದು ನಡೆದಳು. ಅಂಗಡಿಯ ಮುಂದೆ ಕಾರಿನಿಂದ ಇಳಿದ ಹೆಂಗಸೊಬ್ಬಳು ಎರಡೂ ಕೈಯಲ್ಲಿ ಖಾಲಿ ಡಬ್ಬಿಗಳನ್ನು ಎತ್ತಿ ಹಿಡಿದು, ಬಂಗಾರ ಮೆರೆಸುವವಳಂತೆ ಒಳಗೆ ಹೋದಳು. ಅಂಬಿಕಾಳ ಸೆರಗು ತುಸು ಸಡಿಲಾಯಿತು.

ಅಂಗಡಿಯ ಫುರ್ಕಾನ್ ಮೊದಲು ಖಾಲಿ ಬಾಟಲಿ ತೂಗಿದ. ಆಮೇಲೆ ಪೀಪಾಯಿಯ ನಲ್ಲಿ ತಿರುವಿದ. ಕುಸುಬಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ತೂಕ ಸರಿಯಾಗುತ್ತಲೇ ನಲ್ಲಿ ನಿಂತಿತು.

"ಕೊಸರು?" ಎಂದಳು ಅಂಬಿಕಾ. ಅಂದವಳೇ ತನ್ನ ಬಾಯಿಗೆ ತಾನೇ ಬೆರಗಾದಳು.

"ಕೊಸರು ಅಂದ್ರ ಏನ್ ಮಮ್ಮಿ?"

"ತೂಕ ಮುಗದ ಮ್ಯಾಲ ಅಂಗಡಿಯವ್ರು ಪ್ರೀತಿಲೆ ಹಾಕೋದು. ನಮ್ಮೂರಾಗ ಅಣವೀರಪ್ಪಜ್ಜ ಎಣ್ಣಿ ಹಾಕಿ, ನನ್ನ ಅಂಗೈಯಾಗ ಬೆಲ್ಲದ ಚೂರು ಇಡ್ತಿದ್ದ. ಮನಿ ಮುಟ್ಟೋತನಕ ಚೀಪ್ಕೋತ ಬರ್ತಿದ್ದೆ." ಇಷ್ಟು ವರ್ಷ ಗೆಳತಿಯರ ಕೂಗು ನೆನಪಿತ್ತು, ಬೆಲ್ಲ ಹೇಗೆ ಮರೆತುಹೋಗಿತ್ತೋ.

"ನಮ್ಮ ಮಷೀನ್‌ದಾಗ ಕೊಸರಿನ ಬಟನ್ನೇ ಇಲ್ರೀ ಅಕ್ಕಾರ," ಫುರ್ಕಾನ್ ನಕ್ಕ.

"ಮಷೀನಿಗೆ ಯಾರ್ ಕೇಳ್ಯಾರ? ನಿನಗ ಕೇಳಾಕತ್ತೀನಿ."

ಕಾರಿನ ಹೆಂಗಸೂ ಡಬ್ಬಿ ಮುಂದೆ ಚಾಚಿದಳು. "ಹಂಗಾದ್ರ ನನಗೂ ಕೊಸರು!"

"ಯಾ ಅಲ್ಲಾ, ಎಲ್ಲಾರೂ ಕೂಡಿ ಅಂಗಡಿ ಮುಳಗಸ್ತೀರಿ!" ಎನ್ನುತ್ತಲೇ ಅವನು ಬೆಲ್ಲದ ಭರಣಿಗೆ ಕೈ ಹಾಕಿದ. ಮೊದಲ ಚೂರು ಐಶ್ವರ್ಯಾಳ ಅಂಗೈಗೆ ಬಿತ್ತು, ಎರಡನೆಯದು ಅವಳ ಅವ್ವನ ಅಂಗೈಗೆ.

ಬಾಟಲಿ ಖಾಲಿಯಾದ ದಿನ ಕಮಲಾಪುರದಿಂದ ಶಿವಕಾಂತಮ್ಮನ ಫೋನು ಬಂತು.

"ಮೊಮ್ಮಗಳು ಎಲ್ಲಿ?"

ಅಂಬಿಕಾ ಕಿಟಕಿಯಾಚೆ ನೋಡಿದಳು. ತಾನೇ ದಾರ ಕಟ್ಟಿ ಕೊಟ್ಟ ಬಾಟಲಿ ಮಗಳ ಕೈಯಲ್ಲಿ ತೂಗಾಡುತ್ತ ಓಣಿ ತಿರುಗುತ್ತಿತ್ತು.

"ಎಣ್ಣಿ ತರಾಕ ಹೋಗ್ಯಾಳವಾ."

ಆ ಕಡೆ ಶಿವಕಾಂತಮ್ಮ ನಕ್ಕಳು. "ಕೊಸರು ಕೇಳಂತ ಹೇಳೀದಿಲ್ಲೋ?"

"ಹೇಳೀನಿ."

ಅಂಬಿಕಾ ಕೊಟ್ಟ ಮಾತು ಮುರಿದಿದ್ದಳು.