ಹಸಿರು ಸ್ವೆಟರಿನ ಹುಡುಗಿ

ಕನ್ನಡಕ ಹಾಕಿಕೊಂಡುಬಿಡಲೇ? ಅಥವಾ ಅಮ್ಮ ಫೋನಿನಲ್ಲಿ ಹೇಳಿದಂತೆ, ಹುಡುಗಿ ಒಪ್ಪುವತನಕ ಜೇಬಿನಲ್ಲೇ ಇಟ್ಟುಕೊಂಡಿರಲೇ? ಮ್ಯೂಸಿಯಮ್ಮಿನ ಎರಡನೇ ಮಹಡಿಗೆ ಬಂದರೂ ಅವನಿಗೆ ತೀರ್ಮಾನವಾಗಿರಲಿಲ್ಲ. ಹೊಸ ಕಾಲದ ಅಮೆರಿಕನ್ ಕಲೆ ನೋಡುತ್ತ ಮಾತಾಡೋಣ ಎಂದು ಹುಡುಗಿಯೇ ಕರೆದಿದ್ದಳು. ಹಸಿರು ಸ್ವೆಟರ್ ಹಾಕಿರುತ್ತೇನೆ ಎಂದೂ ತಿಳಿಸಿದ್ದಳು.

ಕನ್ನಡಕವಿಲ್ಲದ ಕಣ್ಣಿಗೆ ಮಸುಕು ಮಸುಕಾಗಿ ಕಂಡ ಆ ಕೋಣೆಯ ಮೂಲೆಯಲ್ಲಿ ಹಸಿರು ಸ್ವೆಟರೊಂದು ಕುರ್ಚಿಯ ಮೇಲೆ ಕುಳಿತಿತ್ತು. ಅವನು ಎದುರಿಗೆ ಹೋಗಿ ನಿಂತ.

"ಮೊದಲೇ ಹೇಳಿಬಿಡ್ತೀನಿ. ನಾನು ಮಾತು ಕಮ್ಮಿ. ಜಾಸ್ತಿ ಮಾತಾಡೋರ ಜೊತೆ ನನಗೆ ತಲೆನೋವು ಬರುತ್ತೆ. ಇದುವರೆಗೆ ನೋಡಿದ ಸಂಬಂಧವೆಲ್ಲ ಮುರಿದಿದ್ದು ಅದಕ್ಕೇ."

ಅವಳು ಏನೂ ಅನ್ನಲಿಲ್ಲ. ನಗಲೂ ಇಲ್ಲ. ಸುಮ್ಮನೆ ಕೇಳಿಸಿಕೊಂಡಳು. ಇಂಥ ಮೌನಕ್ಕಾಗಿಯೇ ತಾನು ಇಷ್ಟು ವರ್ಷ ಕಾದಿದ್ದು ಅನಿಸಿ ಅವನು ಒಂದು ಹೆಜ್ಜೆ ಮುಂದಿಟ್ಟ.

"ನನಗೆ ಒಪ್ಪಿಗೆ," ಎಂದ. "ನಿಮಗೆ?"

"ನಂಗೂ ಒಪ್ಪಿಗೆ ಕಣ್ರೀ!" ಬೆನ್ನ ಹಿಂದಿನಿಂದ ದನಿ ಬಂತು. "ಬಸ್ಸು ತಡ ಆಯ್ತು, ಆಮೇಲೆ ಮಹಡಿ ತಪ್ಪಿ ಮೂರಕ್ಕೆ ಹೋದೆ, ಅಲ್ಲಿ ಬರೀ ಬಿಳಿ ಬೋರ್ಡು, ಅದನ್ನೂ ಜನ ಅರ್ಧ ಗಂಟೆ ನೋಡ್ತಾರಪ್ಪ! ಬಂದು ನೋಡಿದ್ರೆ ನೀವು ಪ್ರದರ್ಶನಕ್ಕಿಟ್ಟಿರೋ ಈ ಗೊಂಬೆ ಮುಂದೆ ನಿಂತು ರಿಹರ್ಸಲ್ ಮಾಡ್ತಿದೀರ. ಎಂಥ ಮುಗ್ಧರು ರೀ! ಅಮ್ಮಂಗೆ ಆಗ್ಲೇ ಮೆಸೇಜ್ ಹಾಕ್ದೆ. ನಿಮಗೆ ಮಾತು ಬರದಿದ್ರೆ ಪರವಾಗಿಲ್ಲ, ಇಬ್ಬರದ್ದೂ ನಾನೇ ಆಡ್ತೀನಿ."

ಆಡಿದಳು. ಮದುವೆಯ ದಿನವೂ, ಆಮೇಲೂ.

ತಾನು ಒಪ್ಪಿದ್ದು ಆ ಗೊಂಬೆಯನ್ನು ಎಂದು ಮಾತ್ರ ಅವನು ಯಾವತ್ತೂ ಹೇಳಲಿಲ್ಲ.