ಕರಿಬೇವಿನ ಗಿಡದ ಬಸವಣ್ಣ

ಒಗ್ಗರಣೆಗೆ ಕರಿಬೇವು ಬಿದ್ದ ಘಮ ಬಂದರೆ ಈಗಲೂ ದಾವಣಗೆರೆಯ ನಮ್ಮ ಹಿತ್ತಲಿನ ಆ ಮಧ್ಯಾಹ್ನ ನೆನಪಾಗುತ್ತದೆ. ಸೊಪ್ಪು ಕೀಳಲು ಹೋದ ಅಜ್ಜಿಯ ಬೆರಳು ದಪ್ಪನೆಯ ಹಸಿರು ಹುಳಕ್ಕೆ ತಗುಲಿತು. ಅದು ತಲೆಯೆತ್ತಿ ಕಿತ್ತಳೆ ಬಣ್ಣದ ಎರಡು ಕೊಂಬು ಚಾಚಿತು. ಅಜ್ಜಿ ಗಲ್ಲ ಗಲ್ಲ ಬಡಿದುಕೊಂಡಳು.

"ಬಸವಣ್ಣ! ಯಾರೂ ಒಂದೆಲೆ ಮುಟ್ಟಬ್ಯಾಡ್ರಿ!"

"ಅವ್ವಾ, ಅದು ಹುಳ," ಎಂದ, ಕಾಟನ್ ಮಿಲ್ಲಿನಿಂದ ಹಸಿದು ಬಂದಿದ್ದ ಅಪ್ಪ.

"ಹುಳಕ್ಕೆ ಕೊಂಬು ಇರ್ತಾವೇನೋ?"

ಅಂದಿನಿಂದ ಅಪ್ಪನಿಗೆ ಕರಿಬೇವಿಲ್ಲದ ಒಗ್ಗರಣೆ ಮಂಡಕ್ಕಿಯೇ ಗತಿಯಾಯಿತು. ಗಿಡ ಬೋಳಾಯಿತು. ಬಸವಣ್ಣ ಗೂಡು ಕಟ್ಟಿ, ಒಂದು ಬೆಳಿಗ್ಗೆ ಹಳದಿ ಚುಕ್ಕೆಯ ಕಪ್ಪು ಚಿಟ್ಟೆಯಾಗಿ ಹಾರಿಹೋದ. ಗಿಡ ಮತ್ತೆ ಚಿಗುರಿದಾಗ ಅಪ್ಪ ಮೆಲ್ಲಗೆ ಕೈ ಚಾಚಿದ. ಅಷ್ಟರಲ್ಲಿ ಅಂಥದೇ ಚಿಟ್ಟೆಯೊಂದು ಬಂದು ಚಿಗುರಿಗೊಂದು ಮೊಟ್ಟೆ ಇಡತೊಡಗಿತು.

"ಕೈ ತಗಿಯೋ," ಎಂದಳು ಅಜ್ಜಿ. "ಈ ಸಲ ಪಂಕ್ತಿ ದೊಡ್ಡದೈತೆ."