ತಿರುಗುವ ಸ್ಟೂಲು

“ಇವತ್ತು ನೀವು ಕೂತ್ಕೊಳ್ಳಿ,” ಎಂದು ಫಿಸಿಕ್ಸ್ ಮೇಡಂ ಲ್ಯಾಬಿನ ತಿರುಗುವ ಸ್ಟೂಲನ್ನು ಅಟೆಂಡರನ ಮುಂದೆ ಎಳೆದರು. ಅವನ ಕೆಲಸದ ಕೊನೆಯ ದಿನ ಅದು. ಮೂವತ್ತು ವರ್ಷ ಮೇಡಂ ಅದರ ಮೇಲೆ ಕೂತು ಸೈಕಲ್ ಚಕ್ರದ ಪ್ರಯೋಗ ತೋರಿಸುವಾಗಲೆಲ್ಲ, ಅದರ ಬುಡವನ್ನು ಕಾಲಿನಿಂದ ಒತ್ತಿ ಹಿಡಿದು, “ಬೀಳಲ್ಲ ಬಿಡಿ, ನಾನಿದ್ದೀನಿ,” ಎನ್ನುತ್ತಿದ್ದವನು ಅವನೇ.

ಅವನು ಕೂತ ಮೇಲೆ, ಜೋರಾಗಿ ತಿರುಗುತ್ತಿದ್ದ ಆ ಚಕ್ರದ ಎರಡು ಬದಿಯ ಹಿಡಿಗಳನ್ನು ಮೇಡಂ ಅವನ ಕೈಗೆ ಕೊಟ್ಟರು. “ಈಗ ಮಗುಚಿ ಹಿಡೀರಿ.”

ಮಗುಚಿದ. ಯಾರೂ ತಳ್ಳದೆ ಸ್ಟೂಲು ತಿರುಗತೊಡಗಿತು. ಕಪ್ಪುಹಲಗೆ ಹೋಯಿತು, ಕಿಟಕಿ ಹೋಯಿತು, ಅವನು ದಿನಾ ಒರೆಸುತ್ತಿದ್ದ ಬೀರುಗಳು ಹೋದವು.

“ಇಷ್ಟು ವರ್ಷ ನೀವೇ ಕದ್ದು ಕಾಲಲ್ಲಿ ತಳ್ಕೋತೀರಿ ಅಂದ್ಕೊಂಡಿದ್ದೆ, ಮೇಡಂ.”

ನಗುತ್ತಲೇ ಅವನು ಕೆಳಗೆ ನೋಡಿದ. ಮೇಡಂ ಚಪ್ಪಲಿ ಕಳಚಿಟ್ಟು, ಸ್ಟೂಲಿನ ಬುಡವನ್ನು ಕಾಲಿನಿಂದ ಒತ್ತಿ ಹಿಡಿದಿದ್ದರು.

“ಬೀಳಲ್ಲ ಬಿಡಿ,” ಎಂದರು. “ನಾನಿದ್ದೀನಿ.”